ಗುಂಪಿನ ಹಳೆಯ ಚರ್ಚೆಗಳಲ್ಲಿ ಯಾವುದನ್ನು ಅಳಿಸಬೇಕು, ಯಾವುದನ್ನು ಉಳಿಸಬೇಕು? ಒಂದು ಸಮಗ್ರ ಮಾರ್ಗದರ್ಶಿ

ಐದಾರು ವರ್ಷದಿಂದ ನಡೆಯುತ್ತಿರುವ ಯಾವುದೇ ಗುಂಪನ್ನು ತೆಗೆದುಕೊಳ್ಳಿ. ಹಳೆಯ ವಿದ್ಯಾರ್ಥಿಗಳದ್ದಿರಲಿ, ಒಂದೇ ಕಟ್ಟಡದಲ್ಲಿ ಇರುವವರದ್ದಿರಲಿ, ಓದುಗರ ಬಳಗವಿರಲಿ. ಅವರು ಆಡಿದ ಮಾತೆಲ್ಲ ಇರುವುದು ವಾಟ್ಸಾಪ್, ಟೆಲಿಗ್ರಾಂ ಅಥವಾ ಇಮೇಲ್‌ನಲ್ಲಿ. ಸಭೆಯ ನಡಾವಳಿ ಪುಸ್ತಕ ಬರೆಯುವವರು ಈಗ ಕಡಿಮೆ. ಬರೆದರೂ ಅದರಲ್ಲಿ ತೀರ್ಮಾನ ಮಾತ್ರ ಇರುತ್ತದೆ. ಯಾಕೆ ಹಾಗೆ ತೀರ್ಮಾನ ಮಾಡಿದರು ಅನ್ನುವುದು ಚಾಟ್‌ನಲ್ಲೇ ಉಳಿದಿರುತ್ತದೆ.

ಆಮೇಲೆ ಒಂದು ದಿನ ಯಾರದೋ ಫೋನ್ ತುಂಬುತ್ತದೆ. ‘ಎರಡು ವರ್ಷಕ್ಕಿಂತ ಹಳೆಯದನ್ನೆಲ್ಲ ಕ್ಲಿಯರ್ ಮಾಡಿಬಿಡೋಣ’ ಅನ್ನುತ್ತಾರೆ. ತಾರೀಖು ನೋಡಿ ಅಳಿಸುವುದು ಸುಲಭ, ನಿಜ. ಆದರೆ ನನ್ನ ಪ್ರಕಾರ ಇದಕ್ಕಿಂತ ಕೆಟ್ಟ ದಾರಿ ಇಲ್ಲ. ನಿನ್ನೆ ಬಂದ ನೂರು ‘ಗುಡ್ ಮಾರ್ನಿಂಗ್’ ಉಳಿದುಕೊಳ್ಳುತ್ತವೆ. ಆರು ವರ್ಷದ ಹಿಂದೆ ಒಬ್ಬರು ಬಿಡಿಸಿ ಹೇಳಿದ ಕಾರಣ ಹೋಗಿಬಿಡುತ್ತದೆ. ಹಾಗಾಗದಂತೆ ಆರಿಸುವುದು ಹೇಗೆ ಅಂತ ಒಂದೊಂದೇ ಹೆಜ್ಜೆಯಾಗಿ ಹೇಳುತ್ತೇನೆ.

ಹೆಜ್ಜೆ 1: ಯಾಕೆ ಅಳಿಸುತ್ತಿದ್ದೀರಿ ಅಂತ ಮೊದಲು ಕೇಳಿಕೊಳ್ಳಿ

ಸಾಮಾನ್ಯವಾಗಿ ಮೂರು ಕಾರಣ ಇರುತ್ತವೆ: ಜಾಗ ಸಾಲುತ್ತಿಲ್ಲ, ಖಾಸಗಿ ವಿಷಯ ಬಯಲಲ್ಲಿ ಬಿದ್ದಿದೆ, ಅಥವಾ ಬೇಕಾದದ್ದು ಹುಡುಕಿದರೆ ಸಿಗುತ್ತಿಲ್ಲ. ಮೂರಕ್ಕೂ ಮಾಡಬೇಕಾದ ಕೆಲಸ ಬೇರೆ ಬೇರೆ.

ಜಾಗದ ಸಮಸ್ಯೆಯಾದರೆ ಚರ್ಚೆಗಳನ್ನು ಮುಟ್ಟಲೇಬೇಡಿ. ಕನ್ನಡದ ಒಂದೊಂದು ಅಕ್ಷರ ಚಿಹ್ನೆಗೆ ಯೂನಿಕೋಡ್‌ನ ಯುಟಿಎಫ್-8 ಪದ್ಧತಿಯಲ್ಲಿ 3 ಬೈಟ್ ಬೇಕು. ಇನ್ನೂರು ಚಿಹ್ನೆಗಳ ಒಂದು ಮೆಸೇಜ್ ಅಂದರೆ ಸುಮಾರು 600 ಬೈಟ್. 10 ಎಂಬಿಯ ಒಂದೇ ಒಂದು ವಿಡಿಯೊ ಹಿಡಿಯುವ ಜಾಗದಲ್ಲಿ ಇಂಥ 16,000ಕ್ಕೂ ಹೆಚ್ಚು ಮೆಸೇಜ್ ಕೂರುತ್ತವೆ. ಅಂದರೆ ಫೋನ್ ತುಂಬಿಸಿರುವುದು ನಿಮ್ಮ ಮಾತುಕತೆ ಅಲ್ಲವೇ ಅಲ್ಲ. ವಾಟ್ಸಾಪ್‌ನ ಸೆಟ್ಟಿಂಗ್ಸ್‌ನಲ್ಲಿ ‘ಸ್ಟೋರೇಜ್ ಅಂಡ್ ಡೇಟಾ’, ಅದರೊಳಗೆ ‘ಮ್ಯಾನೇಜ್ ಸ್ಟೋರೇಜ್’ ತೆರೆಯಿರಿ. 5 ಎಂಬಿಗಿಂತ ದೊಡ್ಡ ಕಡತಗಳನ್ನೂ ಹಲವು ಸಲ ಫಾರ್ವರ್ಡ್ ಆದದ್ದನ್ನೂ ಅದೇ ಬೇರೆ ಮಾಡಿ ತೋರಿಸುತ್ತದೆ. ಅಲ್ಲಿ ಅರ್ಧ ಗಂಟೆ ಕೂತರೆ ಬಹಳಷ್ಟು ಜಾಗ ಖಾಲಿಯಾಗುತ್ತದೆ. ಜೀಮೇಲ್‌ನಲ್ಲೂ ಹುಡುಕುವ ಪಟ್ಟಿಯ ಫಿಲ್ಟರ್‌ನಲ್ಲಿ ಗಾತ್ರ ಕೊಟ್ಟು ದೊಡ್ಡ ಮೇಲ್‌ಗಳನ್ನಷ್ಟೇ ಹೊರಗೆ ತೆಗೆಯಬಹುದು.

ಹುಡುಕಿದರೆ ಸಿಗುತ್ತಿಲ್ಲ ಅನ್ನುವುದಾದರೆ ಎಂಟನೇ ಹೆಜ್ಜೆಯ ಸಾರಾಂಶ ಸಾಕಾಗಬಹುದು. ಖಾಸಗಿ ವಿಷಯದ ತೊಂದರೆ ಇದ್ದರೆ ಮಾತ್ರ ನಿಜವಾಗಿ ಅಳಿಸಲೇಬೇಕಾಗುತ್ತದೆ.

ಹೆಜ್ಜೆ 2: ‘ಡಿಲೀಟ್’ ಒತ್ತಿದರೆ ಎಲ್ಲೆಲ್ಲಿ ಹೋಗುತ್ತದೆ ಅಂತ ತಿಳಿದುಕೊಳ್ಳಿ

ವಾಟ್ಸಾಪ್‌ನಲ್ಲಿ ಹಳೆಯ ಚಾಟ್ ಕ್ಲಿಯರ್ ಮಾಡಿದರೆ ನಿಮ್ಮ ಫೋನಿನಿಂದ ಮಾತ್ರ ಹೋಗುತ್ತದೆ. ಎಲ್ಲರ ಫೋನಿನಿಂದ ತೆಗೆಯಲು ಮೆಸೇಜ್ ಕಳಿಸಿದ ಮೇಲೆ ಎರಡು ದಿನಕ್ಕಿಂತ ಸ್ವಲ್ಪ ಜಾಸ್ತಿ ಸಮಯವಷ್ಟೇ ಇರುತ್ತದೆ. ಹಾಗಾಗಿ ಮೂರು ವರ್ಷದ ಹಿಂದೆ ಯಾರೋ ಹಾಕಿದ ಗುರುತಿನ ಚೀಟಿಯ ಫೋಟೊ ತೆಗೆಯಬೇಕಾದರೆ ಪ್ರತಿಯೊಬ್ಬ ಸದಸ್ಯರೂ ತಮ್ಮ ತಮ್ಮ ಫೋನಿನಲ್ಲಿ ಅಳಿಸಬೇಕು. ಅದನ್ನು ಕೇಳಿಕೊಳ್ಳುವುದು ಬಿಟ್ಟು ಬೇರೆ ದಾರಿ ಇಲ್ಲ.

ಟೆಲಿಗ್ರಾಂ ಇದಕ್ಕೆ ಉಲ್ಟಾ. ಮಾಮೂಲಿ ಚಾಟ್‌ಗಳು ಅವರ ಸರ್ವರ್‌ನಲ್ಲೇ ಇರುತ್ತವೆ. ಅನುಮತಿ ಇರುವ ಅಡ್ಮಿನ್ ಗುಂಪಿನ ಹಳೆಯ ಮೆಸೇಜ್ ಅಳಿಸಿದರೆ ಎಲ್ಲರಿಗೂ ಹೋಯಿತು. ಅಲ್ಲಿ ಒಬ್ಬರ ಅವಸರ ಎಲ್ಲರ ನಷ್ಟವಾಗುತ್ತದೆ. ಇಮೇಲ್‌ನಲ್ಲಿ ಪ್ರತಿಯೊಬ್ಬರ ಪೆಟ್ಟಿಗೆಯಲ್ಲೂ ಒಂದೊಂದು ಪ್ರತಿ ಇರುತ್ತದೆ. ಜೀಮೇಲ್‌ನಲ್ಲಿ ಅಳಿಸಿದ್ದು 30 ದಿನ ಟ್ರ್ಯಾಶ್‌ನಲ್ಲಿ ಇದ್ದು ಆಮೇಲೆ ತಾನಾಗಿಯೇ ಹೋಗುತ್ತದೆ.

ಇನ್ನೊಂದು ವಿಷಯ ನೋಡಿ. ವಾಟ್ಸಾಪ್ ಗುಂಪಿನಲ್ಲಿ ‘ಡಿಸಪಿಯರಿಂಗ್ ಮೆಸೇಜಸ್’ ಆನ್ ಆಗಿದೆಯೇ? ಆನ್ ಆದ ಮೇಲೆ ಬಂದ ಮೆಸೇಜ್‌ಗಳೆಲ್ಲ 24 ಗಂಟೆ, 7 ದಿನ ಅಥವಾ 90 ದಿನಕ್ಕೆ ತಾನಾಗಿಯೇ ಮಾಯವಾಗುತ್ತಿರುತ್ತವೆ. ಗುಂಪಿನ ಸೆಟ್ಟಿಂಗ್ ಬದಲಿಸುವ ಅಧಿಕಾರವನ್ನು ಅಡ್ಮಿನ್‌ಗಳಿಗೆ ಮಾತ್ರ ಸೀಮಿತ ಮಾಡಿರದಿದ್ದರೆ ಯಾವ ಸದಸ್ಯರು ಬೇಕಾದರೂ ಅದನ್ನು ಆನ್ ಮಾಡಬಹುದು. ನೀವು ಕೂತು ಆರಿಸುವ ಮೊದಲೇ ಅದು ಆರಿಸಿಬಿಟ್ಟಿರುತ್ತದೆ.

ಹೆಜ್ಜೆ 3: ಒಂದು ಪೂರ್ತಿ ಪ್ರತಿ ತೆಗೆದಿಟ್ಟುಕೊಳ್ಳಿ

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ವಾಟ್ಸಾಪ್‌ನ ‘ಎಕ್ಸ್‌ಪೋರ್ಟ್ ಚಾಟ್’ ಒಂದು ಸರಳ ಪಠ್ಯ ಕಡತ ಕೊಡುತ್ತದೆ. ಆದರೆ ಅದಕ್ಕೊಂದು ಮಿತಿ ಇದೆ. ಫೋಟೊ, ವಿಡಿಯೊ ಇಲ್ಲದೆ ಆದರೆ ಇತ್ತೀಚಿನ 40,000 ಮೆಸೇಜ್, ಸೇರಿಸಿದರೆ ಇತ್ತೀಚಿನ 10,000. ಗುಂಪು ಚುರುಕಾಗಿದ್ದರೆ ಶುರುವಿನ ವರ್ಷಗಳೇ ಆ ಲೆಕ್ಕದಿಂದ ಹೊರಗೆ ಉಳಿಯುತ್ತವೆ. ಆದ್ದರಿಂದ ವರ್ಷಕ್ಕೊಮ್ಮೆಯಾದರೂ ಎಕ್ಸ್‌ಪೋರ್ಟ್ ಮಾಡಿ. ಗುಂಪಿನಲ್ಲಿ ಎಲ್ಲರಿಗಿಂತ ಮೊದಲು ಸೇರಿದವರ, ಫೋನ್ ಬದಲಿಸಿದಾಗಲೂ ಬ್ಯಾಕಪ್ ಕಳೆದುಕೊಳ್ಳದವರ ಫೋನಿನಿಂದ ಮಾಡಿ. ತಡವಾಗಿ ಸೇರಿದವರ ಫೋನಿನಲ್ಲಿ ಆರಂಭದ ವರ್ಷಗಳ ಮಾತುಕತೆ ಇರುವುದಿಲ್ಲ. ‘ಅಡ್ವಾನ್ಸ್ಡ್ ಚಾಟ್ ಪ್ರೈವಸಿ’ ಆನ್ ಇದ್ದರೆ ಎಕ್ಸ್‌ಪೋರ್ಟ್ ಆಗುವುದಿಲ್ಲ, ಅದನ್ನೂ ನೋಡಿಕೊಳ್ಳಿ.

ಟೆಲಿಗ್ರಾಂನ ಡೆಸ್ಕ್‌ಟಾಪ್ ಆವೃತ್ತಿಯಲ್ಲಿ ಗುಂಪಿನ ಇತಿಹಾಸವನ್ನು ಬ್ರೌಸರ್‌ನಲ್ಲಿ ತೆರೆದು ಓದುವಂಥ ರೂಪದಲ್ಲಿ ಇಳಿಸಿಕೊಳ್ಳಬಹುದು. ಜೀಮೇಲ್‌ನ ಮೇಲ್‌ಗಳನ್ನೆಲ್ಲ ಒಟ್ಟಿಗೆ ಇಳಿಸಿಕೊಳ್ಳಲು ‘ಗೂಗಲ್ ಟೇಕ್‌ಔಟ್’ ಅನ್ನುವ ಸೇವೆ ಇದೆ.

ಪ್ರತಿಯನ್ನು ಕನಿಷ್ಠ ಇಬ್ಬರ ಬಳಿ, ಎರಡು ಬೇರೆ ಜಾಗದಲ್ಲಿ ಇಡಿ. ಕಂಪನಿಯವರು ಇಟ್ಟುಕೊಂಡಿರುತ್ತಾರೆ ಬಿಡಿ ಅಂತ ಸುಮ್ನೆ ಇರಬೇಡಿ. 2001ರಿಂದ ನಡೆದಿದ್ದ ಯಾಹೂ ಗ್ರೂಪ್ಸ್ ಅನ್ನುವ ಇಮೇಲ್ ಗುಂಪುಗಳ ಸೇವೆ 2019ರ ಕೊನೆಯಲ್ಲಿ ಹಳೆಯ ಸಂದೇಶ, ಕಡತಗಳನ್ನೆಲ್ಲ ತೆಗೆಯುವುದಾಗಿ ಹೇಳಿತು. 2020ರ ಡಿಸೆಂಬರ್ 15ಕ್ಕೆ ಸೇವೆಯನ್ನೇ ಮುಚ್ಚಿತು. ಆ ಕೆಲವೇ ತಿಂಗಳಲ್ಲಿ ಇಳಿಸಿಕೊಳ್ಳದವರಿಗೆ ವರ್ಷಗಟ್ಟಲೆಯ ಮಾತುಕತೆ ಹೋಯಿತು. ಗುಂಪಿನ ಹೆಸರಿನಲ್ಲಿ ತೆರೆದು ಮರೆತ ಗೂಗಲ್ ಖಾತೆಯ ಕಥೆಯೂ ಅಷ್ಟೇ. ಎರಡು ವರ್ಷ ಬಳಸದ ವೈಯಕ್ತಿಕ ಖಾತೆಗಳನ್ನು ಗೂಗಲ್ 2023ರ ಡಿಸೆಂಬರ್‌ನಿಂದ ಅಳಿಸಲು ಶುರುಮಾಡಿದೆ.

ಹೆಜ್ಜೆ 4: ಮೆಸೇಜ್ ಲೆಕ್ಕದಲ್ಲಿ ನೋಡಬೇಡಿ, ಮಾತುಕತೆಯ ಲೆಕ್ಕದಲ್ಲಿ ನೋಡಿ

ಒಂದೊಂದೇ ಮೆಸೇಜ್ ನೋಡಿ ‘ಇದು ಬೇಕಾ, ಬೇಡ್ವಾ’ ಅಂತ ಕೂತರೆ ತಲೆ ಕೆಡುತ್ತದೆ, ತಪ್ಪೂ ಆಗುತ್ತದೆ. ‘ಸರಿ’ ಅನ್ನುವ ಒಂದು ಪದವನ್ನೇ ನೋಡಿ. ಬಿಡಿಯಾಗಿ ನೋಡಿದರೆ ಕಸ. ಆದರೆ ‘ನಿಮ್ಮ ಭಾಗದ ಹಣವನ್ನೂ ಇದಕ್ಕೇ ಹಾಕಲಾ?’ ಅನ್ನುವ ಪ್ರಶ್ನೆಗೆ ಬಂದ ‘ಸರಿ’ ಆದರೆ ಅದು ಒಪ್ಪಿಗೆ.

ಓದುಗರ ಬಳಗದ ಒಂದು ಚರ್ಚೆ ಹೀಗಿದೆ ಅಂದುಕೊಳ್ಳಿ:

‘ಹೊಸ ಕಪಾಟು ಬಂತು. ಉತ್ತರದ ಗೋಡೆಗೆ ನಿಲ್ಲಿಸೋಣವಾ?’
‘ಸೂಪರ್ 👍’
‘ಯಾವ ಬಣ್ಣ? ಫೋಟೊ ಹಾಕಿ’
‘ಉತ್ತರದ ಗೋಡೆ ಬೇಡ ಸರ್.’
‘ಯಾಕೆ ಮೇಡಂ? ಅಲ್ಲೇ ಜಾಗ ಜಾಸ್ತಿ ಇದೆ.’
‘ಜೋರು ಮಳೆ ಬಂದರೆ ಆ ಗೋಡೆ ಒದ್ದೆಯಾಗುತ್ತೆ. ಮೇಲಿನ ಪೈಪ್ ಒಳಗಡೆ ಸೋರುತ್ತೆ. ಹಳೆಯ ಕಪಾಟಿನ ಕೆಳಗಿನ ಸಾಲಿನ ಪುಸ್ತಕಕ್ಕೆಲ್ಲ ಬೂಷ್ಟು ಹಿಡಿದಿತ್ತು.’
‘ಓ, ಗೊತ್ತಿರಲಿಲ್ಲ. ಹಾಗಾದ್ರೆ ಪೂರ್ವದ ಗೋಡೆಗೆ.’
‘👍’ ‘👍’ ‘ಓಕೆ’

ನಡಾವಳಿಯಲ್ಲಿ ಇದು ಬಂದಿದ್ದರೆ ‘ಕಪಾಟನ್ನು ಪೂರ್ವದ ಗೋಡೆಗೆ ಇಡಲಾಯಿತು’ ಅಂತ ಬರುತ್ತಿತ್ತು, ಅಷ್ಟೇ. ಪೈಪಿನ ಸುದ್ದಿ ಅಲ್ಲಿ ಇರುವುದಿಲ್ಲ. ಕೆಲವು ವರ್ಷ ಕಳೆದು ಬಳಗ ನಡೆಸುವವರು ಬದಲಾಗುತ್ತಾರೆ. ಹೊಸಬರು ಖಾಲಿ ಬಿದ್ದಿರುವ ಉತ್ತರದ ಗೋಡೆ ನೋಡಿ ‘ಇಷ್ಟು ಜಾಗ ಯಾಕೆ ಹಾಳು ಮಾಡಿದ್ದಾರೆ’ ಅಂದುಕೊಂಡು ಕಪಾಟು ಅಲ್ಲಿಗೆ ತಳ್ಳುತ್ತಾರೆ. ಪುಸ್ತಕ ಮತ್ತೆ ಹಾಳಾಗುತ್ತದೆ. ಈ ಮಾತುಕತೆಯಲ್ಲಿ ಉಳಿಯಬೇಕಾದ ಮೆಸೇಜ್ ನಾಲ್ಕೈದು. ಅವು ಇಲ್ಲದಿದ್ದರೆ ಉಳಿದ ತೀರ್ಮಾನಕ್ಕೆ ಅರ್ಥವೇ ಇಲ್ಲ.

ಹಾಗಾಗಿ ಎಕ್ಸ್‌ಪೋರ್ಟ್ ಮಾಡಿದ ಕಡತವನ್ನು ಕಂಪ್ಯೂಟರ್‌ನಲ್ಲಿ ತೆರೆದು, ಒಂದು ವಿಷಯ ಎಲ್ಲಿ ಶುರುವಾಗಿ ಎಲ್ಲಿ ಮುಗಿಯಿತು ಅಂತ ಗೆರೆ ಹಾಕಿಕೊಳ್ಳಿ. ಇಡೀ ತುಂಡನ್ನು ಒಟ್ಟಿಗೆ ತೂಗಿ. ‘ಯಾಕೆ’, ‘ಬೇಡ’, ‘ಹೋದ ಸಲ’, ‘ಹಾಗಾದ್ರೆ’ ಅನ್ನುವ ಪದಗಳನ್ನು ಹುಡುಕಿ ನೋಡಿ. ಜನ ಕಾರಣ ಹೇಳುವಾಗ ಈ ಪದಗಳು ಬಂದೇ ಬರುತ್ತವೆ. ಸಾವಿರಾರು ಸಾಲುಗಳ ನಡುವೆ ಓದಬೇಕಾದ ಜಾಗ ಬೇಗ ಸಿಗುತ್ತದೆ.

ಹೆಜ್ಜೆ 5: ಪ್ರತಿ ಮಾತುಕತೆಗೂ ಈ ಪ್ರಶ್ನೆಗಳನ್ನು ಹಾಕಿ

ಮೊದಲನೆಯದು: ಇದು ಬೇರೆ ಎಲ್ಲಾದರೂ ಇದೆಯೇ? ರಸೀದಿ ಲೆಕ್ಕದ ಪುಸ್ತಕದಲ್ಲಿದ್ದರೆ, ಕಾರ್ಯಕ್ರಮದ ಫೋಟೊ ಆಲ್ಬಮ್‌ನಲ್ಲಿದ್ದರೆ, ಚಾಟ್‌ನಲ್ಲಿರುವ ಪ್ರತಿ ಹೋದರೂ ಪರವಾಗಿಲ್ಲ. ಎಲ್ಲೂ ಇಲ್ಲದಿದ್ದರೆ ಕೈ ತಡೆಯಿರಿ.

ಎರಡನೆಯದು: ಇದೇ ತೀರ್ಮಾನವನ್ನು ಯಾರಾದರೂ ಮತ್ತೆ ಮಾಡಬೇಕಾಗುತ್ತದೆಯೇ? ಕಪಾಟಿನದು ಅಂಥದ್ದು. ಸಭಾಂಗಣ ಆರಿಸಿದ್ದು, ಕೆಲಸ ಚೆನ್ನಾಗಿ ಮಾಡದವರನ್ನು ಬಿಟ್ಟಿದ್ದು, ಒಂದು ನಿಯಮ ತಂದು ಆಮೇಲೆ ಕೈಬಿಟ್ಟಿದ್ದು, ಇವೆಲ್ಲ ಮತ್ತೆ ಮತ್ತೆ ಬರುವ ಪ್ರಶ್ನೆಗಳು. ಕೈಬಿಟ್ಟ ಯೋಜನೆಗಳ ಚರ್ಚೆಯನ್ನು ಜನ ಮೊದಲು ಅಳಿಸುತ್ತಾರೆ. ನಾನಾದರೆ ಅವನ್ನೇ ಮೊದಲು ಉಳಿಸುತ್ತೇನೆ. ಆದ ಕೆಲಸ ಕಣ್ಣಿಗೆ ಕಾಣುತ್ತದೆ. ಆಗದ ಕೆಲಸ ಯಾಕೆ ಆಗಲಿಲ್ಲ ಅನ್ನುವುದಕ್ಕೆ ಬೇರೆ ಸಾಕ್ಷಿಯೇ ಇರುವುದಿಲ್ಲ.

ಮೂರನೆಯದು: ಇದರಲ್ಲಿ ಹಣ, ಮಾತು ಕೊಟ್ಟದ್ದು, ಒಪ್ಪಿಗೆ ಇದೆಯೇ? ಯಾರೋ ಸಾಲವಾಗಿ ಕೊಟ್ಟ ವಸ್ತು, ಯಾರೋ ಮುಂದೆ ಹಾಕಿಕೊಂಡ ಖರ್ಚು ಇಂಥವು ಪೂರ್ತಿ ತೀರುವವರೆಗೂ ಇರಲಿ.

ನಾಲ್ಕನೆಯದು: ಇದು ಉಳಿದರೆ ಯಾರಿಗಾದರೂ ನೋವಾಗುತ್ತದೆಯೇ, ತೊಂದರೆಯಾಗುತ್ತದೆಯೇ? ಇದಕ್ಕೆ ಉತ್ತರ ‘ಹೌದು’ ಆದರೆ ಏಳನೇ ಹೆಜ್ಜೆ ಓದದೆ ಏನೂ ಮಾಡಬೇಡಿ.

ದಾಖಲೆ ಕಾಯುವವರು ಈ ವಿಷಯದಲ್ಲಿ ಬಹಳ ವರ್ಷದಿಂದ ವಾದ ಮಾಡಿದ್ದಾರೆ. ಬ್ರಿಟನ್ನಿನ ಹಿಲರಿ ಜೆಂಕಿನ್‌ಸನ್ 1920ರ ದಶಕದಲ್ಲಿ, ಆರಿಸುವುದು ದಾಖಲೆ ಕಾಯುವವನ ಕೆಲಸವೇ ಅಲ್ಲ ಅನ್ನುವ ನಿಲುವು ತೆಗೆದುಕೊಂಡರು. ಅಮೆರಿಕದ ರಾಷ್ಟ್ರೀಯ ಪತ್ರಾಗಾರದಲ್ಲಿದ್ದ ಟಿ. ಆರ್. ಶೆಲೆನ್‌ಬರ್ಗ್ 1950ರ ದಶಕದಲ್ಲಿ ಬೇರೆಯದೇ ಮಾತು ಹೇಳಿದರು. ಕಾಗದಕ್ಕೆ ಎರಡು ಬೆಲೆ ಇರುತ್ತದೆ, ಬರೆದವರಿಗೆ ಆಗ ಇದ್ದ ಉಪಯೋಗ ಒಂದು, ಮುಂದೆ ಬೇರೆಯವರಿಗೆ ಆಗುವ ಉಪಯೋಗ ಇನ್ನೊಂದು, ಎರಡನೆಯದನ್ನು ನೋಡಿ ಆರಿಸಬೇಕು ಅಂದರು. ನಮ್ಮಂಥ ಗುಂಪುಗಳಿಗೆ ಶೆಲೆನ್‌ಬರ್ಗ್ ದಾರಿಯೇ ಸರಿ. ‘ಬಸ್ ಎಷ್ಟು ಗಂಟೆಗೆ?’ ಅನ್ನುವ ಮೆಸೇಜ್‌ಗೆ ಮೊದಲ ಬೆಲೆ ಮಾತ್ರ ಇತ್ತು, ಬಸ್ ಹೊರಟ ಕೂಡಲೇ ಅದು ಮುಗಿಯಿತು.

ಅಮೆರಿಕದ ಆ ಸಂಸ್ಥೆಯೇ ಹೇಳುವಂತೆ, ಅಲ್ಲಿನ ಕೇಂದ್ರ ಸರ್ಕಾರ ಸೃಷ್ಟಿಸುವ ದಾಖಲೆಗಳಲ್ಲಿ ಶಾಶ್ವತವಾಗಿ ಉಳಿಸುವುದು ಶೇಕಡಾ 1ರಿಂದ 3 ಮಾತ್ರ. ಹಾಗಾಗಿ ಹೆಚ್ಚಿನದನ್ನು ಬಿಡಬೇಕಾಗಿ ಬಂದರೆ ಅಳುಕಬೇಡಿ.

ಹೆಜ್ಜೆ 6: ಯೋಚನೆಯೇ ಬೇಡದವನ್ನು ಬೇರೆ ಮಾಡಿ

ಶುಭೋದಯ, ಹುಟ್ಟುಹಬ್ಬದ ಹಾರೈಕೆಗಳ ಸಾಲು, ಫಾರ್ವರ್ಡ್ ವಿಡಿಯೊ, ‘ಐದು ನಿಮಿಷದಲ್ಲಿ ಬರ್ತೀನಿ’, ‘ಗೇಟ್ ಹತ್ರ ಇದೀನಿ’, ಒಂದೇ ಫೋಟೊ ನಾಲ್ಕು ಜನ ಹಾಕಿದ್ದು. ಇವೆಲ್ಲ ಹೋಗಲಿ. ಒಂದು ಎಚ್ಚರ: ಸುಳ್ಳು ಸುದ್ದಿಯ ಫಾರ್ವರ್ಡ್‌ಗೆ ಗುಂಪಿನಲ್ಲೇ ಯಾರಾದರೂ ಆಧಾರ ಸಮೇತ ಉತ್ತರ ಕೊಟ್ಟಿದ್ದರೆ ಆ ಉತ್ತರ ಉಳಿಸಿ. ಅದೇ ಸುದ್ದಿ ಮತ್ತೆ ಬರುತ್ತದೆ.

ಪಾಸ್‌ವರ್ಡ್, ಬ್ಯಾಂಕ್ ಖಾತೆ ವಿವರ, ಗುರುತಿನ ಚೀಟಿಯ ಫೋಟೊ ಇವನ್ನು ಹಳೆಯದೋ ಹೊಸದೋ ನೋಡದೆ ಇವತ್ತೇ ತೆಗೆಯಿರಿ. ಎಕ್ಸ್‌ಪೋರ್ಟ್ ಮಾಡಿದ ಪ್ರತಿಯಿಂದಲೂ ತೆಗೆಯಿರಿ. ಪಾಸ್‌ವರ್ಡ್ ಆದರೆ ಅಳಿಸಿದರೆ ಸಾಲದು, ಬದಲಿಸಬೇಕು.

ಹೆಜ್ಜೆ 7: ಕಷ್ಟದವು

ಇಲ್ಲಿ ಅವಸರ ಬೇಡ. ಸಾಧ್ಯವಾದರೆ ಒಬ್ಬರೇ ತೀರ್ಮಾನ ಮಾಡಬೇಡಿ.

ಜಗಳ ಎಲ್ಲ ಗುಂಪಿನಲ್ಲೂ ಇರುತ್ತದೆ. ‘ಹಳೇದೆಲ್ಲ ಯಾಕೆ, ತೆಗೆದುಬಿಡೋಣ’ ಅನ್ನಿಸುವುದು ಸಹಜ. ಆದರೆ ಜಗಳದಲ್ಲಿ ಎರಡು ಪದರ ಇರುತ್ತದೆ. ವಿಷಯ ಒಂದು, ಬೈಗುಳ ಇನ್ನೊಂದು. ಲೆಕ್ಕ ಸರಿಯಾಗಿಲ್ಲ ಅಂತ ಒಬ್ಬರು ಎತ್ತಿದ ಪ್ರಶ್ನೆ, ಅದಕ್ಕೆ ಬಂದ ಉತ್ತರ, ಕೊನೆಗೆ ಆದ ಇತ್ಯರ್ಥ ಉಳಿಯಬೇಕು. ಸಿಟ್ಟಿನಲ್ಲಿ ಆಡಿದ ವೈಯಕ್ತಿಕ ಮಾತು ಹೋಗಬಹುದು. ಒಂದನ್ನು ಮಾತ್ರ ಕಟ್ಟುನಿಟ್ಟಾಗಿ ಪಾಲಿಸಿ: ಒಂದು ಕಡೆಯವರ ಮಾತು ಮಾತ್ರ ಅಳಿಸಬೇಡಿ. ತೆಗೆದರೆ ಎರಡೂ ಕಡೆಯದು, ಇಟ್ಟರೆ ಎರಡೂ ಕಡೆಯದು. ಆರಿಸುವವರೇ ಆ ಜಗಳದಲ್ಲಿ ಇದ್ದವರಾಗಿದ್ದರೆ ಆ ಭಾಗವನ್ನು ಬೇರೆಯವರಿಗೆ ಬಿಟ್ಟುಕೊಡಿ.

ಕಿರುಕುಳ, ಬೆದರಿಕೆ, ಹಣದ ದುರುಪಯೋಗದ ದೂರು ಇದ್ದರೆ ಅಳಿಸುವ ಮಾತೇ ಇಲ್ಲ. ಅದು ಸಾಕ್ಷಿ. ತೊಂದರೆ ಅನುಭವಿಸಿದವರು ಅದನ್ನು ದಿನಾ ನೋಡಬೇಕಾಗಿಲ್ಲ, ನಿಜ. ಆದರೆ ಪ್ರತಿ ಒಂದು ಕಡೆ ಭದ್ರವಾಗಿ ಇರಬೇಕು. ಯಾರ ಕೈಗೆ ಸಿಗಬೇಕು ಅನ್ನುವುದನ್ನು ಅವರನ್ನೇ ಕೇಳಿ.

ಗುಂಪು ಬಿಟ್ಟು ಹೋದವರು ‘ನನ್ನ ಮೆಸೇಜ್‌ಗಳನ್ನು ತೆಗೆಯಿರಿ’ ಅಂದರೆ? ಮನ್ನಿಸಿ. ತಮ್ಮ ಮಾಹಿತಿ ಅಳಿಸಿ ಅಂತ ಸಂಸ್ಥೆಗಳನ್ನು ಕೇಳುವ ಹಕ್ಕನ್ನು ಯುರೋಪಿನ ಜಿಡಿಪಿಆರ್ ಕಾನೂನು 2018ರಿಂದ ಜಾರಿಯಲ್ಲಿಟ್ಟಿದೆ. ಸ್ನೇಹಿತರ ಸಣ್ಣ ಗುಂಪಿಗೆ ಆ ಕಾನೂನು ತಾಗದೇ ಇರಬಹುದು. ಆದರೂ ಅದರ ಹಿಂದಿನ ನ್ಯಾಯ ಒಪ್ಪುವಂಥದ್ದು, ಅಲ್ವಾ? ಅವರು ಕೊಟ್ಟ ಉಪಯುಕ್ತ ಮಾಹಿತಿ ಕಳೆಯಬಾರದು ಅನ್ನಿಸಿದರೆ ಹೆಸರಿಲ್ಲದೆ ಸಾರಾಂಶದಲ್ಲಿ ಬರೆದುಕೊಳ್ಳಲು ಅವರ ಒಪ್ಪಿಗೆ ಕೇಳಿ. ಬಹಳ ಜನಕ್ಕೆ ತಮ್ಮ ಹೆಸರು, ತಮ್ಮ ಮನೆ ವಿಷಯ ಹೋದರೆ ಸಾಕಾಗಿರುತ್ತದೆ.

ಯಾರದೋ ಕಾಯಿಲೆ, ಮಕ್ಕಳ ಫೋಟೊ, ಮನೆಯ ಕಷ್ಟ ಇವು ಆ ಹೊತ್ತಿನ ಸಹಾಯಕ್ಕಾಗಿ ಹಂಚಿಕೊಂಡವು. ಸಹಾಯ ಆದ ಮೇಲೆ ಇಟ್ಟುಕೊಳ್ಳಲು ನಮಗೆ ಕಾರಣ ಇಲ್ಲ. ಸಂಬಂಧಪಟ್ಟವರು ಉಳಿಯಲಿ ಅಂದರೆ ಮಾತ್ರ ಇಡಿ.

ಇನ್ನು ತೀರಿಹೋದವರ ಮಾತುಗಳು. ಅವರ ಮೆಸೇಜ್‌ಗಳು, ಅದರಲ್ಲೂ ವಾಯ್ಸ್ ನೋಟ್‌ಗಳು, ಗುಂಪಿನ ದೃಷ್ಟಿಯಿಂದ ಏನೂ ಅಲ್ಲದಿರಬಹುದು. ‘ನಾಳೆ ಬರಕ್ಕಾಗಲ್ಲ, ನೀವು ನಡೆಸ್ಕೊಂಡು ಹೋಗಿ’ ಅಂತ ಹನ್ನೆರಡು ಸೆಕೆಂಡ್ ಮಾತಾಡಿದ ಕಡತ ಅದು. ಐದನೇ ಹೆಜ್ಜೆಯ ಎರಡನೇ, ಮೂರನೇ ಪ್ರಶ್ನೆಗಳಲ್ಲಿ ಅದು ಪಾಸಾಗುವುದಿಲ್ಲ. ಆದರೂ ಅಳಿಸುವ ಮೊದಲು ಮನೆಯವರನ್ನು ಕೇಳಿ. ಅವರ ಬಳಿ ಆ ದನಿಯ ಬೇರೆ ಕಡತ ಇಲ್ಲದೇ ಇರಬಹುದು. ಎಲ್ಲ ವಾಯ್ಸ್ ನೋಟ್‌ಗಳನ್ನು ಒಂದು ಫೋಲ್ಡರ್‌ಗೆ ಹಾಕಿ ಕೊಟ್ಟರೆ ಸಾಕು. ಈ ಕೆಲಸಕ್ಕೆ ಹೆಚ್ಚು ಹೊತ್ತು ಬೇಡ. ದಯವಿಟ್ಟು ಇದನ್ನು ಬಿಡಬೇಡಿ.

ಹೆಜ್ಜೆ 8: ಅಳಿಸುವ ಮೊದಲು ಸಾರಾಂಶ ಬರೆಯಿರಿ

ಉಳಿಸಬೇಕಾದ ಪ್ರತಿ ಮಾತುಕತೆಗೂ ನಾಲ್ಕೈದು ಸಾಲು ಸಾಕು: ತಿಂಗಳು ಮತ್ತು ವರ್ಷ, ಪ್ರಶ್ನೆ ಏನಿತ್ತು, ಏನು ತೀರ್ಮಾನ ಆಯಿತು, ಯಾಕೆ, ಮುಂದೆ ಯಾವಾಗ ಮತ್ತೆ ನೋಡಬೇಕು. ಕಪಾಟಿನ ಚರ್ಚೆ ಹೀಗಾಗುತ್ತದೆ:

‘ವಿಷಯ: ಹೊಸ ಕಪಾಟಿನ ಜಾಗ. ತೀರ್ಮಾನ: ಪೂರ್ವದ ಗೋಡೆ. ಕಾರಣ: ಉತ್ತರದ ಗೋಡೆಯ ಮೇಲಿನ ಪೈಪ್ ಸೋರುತ್ತದೆ, ಹಿಂದೆ ಕೆಳಸಾಲಿನ ಪುಸ್ತಕಗಳಿಗೆ ಬೂಷ್ಟು ಹಿಡಿದಿತ್ತು. ಪೈಪ್ ರಿಪೇರಿಯಾದರೆ ಮತ್ತೆ ಯೋಚಿಸಬಹುದು.’

ಕೊನೆಯ ಸಾಲು ಮುಖ್ಯ. ಅದಿಲ್ಲದಿದ್ದರೆ ಪೈಪ್ ಸರಿಯಾದ ಮೇಲೂ ಗೋಡೆ ಸುಮ್ನೆ ಖಾಲಿ ಬಿದ್ದಿರುತ್ತದೆ.

ಈ ಸಾರಾಂಶಗಳನ್ನು ಒಂದೇ ಕಡತದಲ್ಲಿ, ವಿಷಯವಾರು ಬರೆಯಿರಿ. ಹೊಸದಾಗಿ ಜವಾಬ್ದಾರಿ ತೆಗೆದುಕೊಳ್ಳುವವರಿಗೆ ಮೊದಲು ಅದನ್ನೇ ಕೊಡಿ. ವಾಟ್ಸಾಪ್‌ನಲ್ಲಿ ಚಾಟನ್ನು ‘ಆರ್ಕೈವ್’ ಮಾಡಿದರೆ ಈ ಕೆಲಸ ಆಗುತ್ತದೆ ಅಂತ ಕೆಲವರು ಅಂದುಕೊಂಡಿದ್ದಾರೆ. ಅದು ಚಾಟನ್ನು ಪಟ್ಟಿಯಿಂದ ಮರೆಮಾಡುತ್ತದೆ ಅಷ್ಟೇ, ಬ್ಯಾಕಪ್ ಮಾಡುವುದಿಲ್ಲ.

ಹೆಜ್ಜೆ 9: ಎಲ್ಲರಿಗೂ ಹೇಳಿ, ಕಾಯಿರಿ, ಆಮೇಲೆ ಅಳಿಸಿ

ಯಾವ ಅವಧಿಯದು, ಯಾವ ಥರದ್ದು ಹೋಗುತ್ತದೆ ಅಂತ ಗುಂಪಿನಲ್ಲಿ ಬರೆದು 30 ದಿನ ಸಮಯ ಕೊಡಿ. ‘ಬೇಕಾದ ಫೋಟೊ, ಕಡತ ಇದ್ದರೆ ಅಷ್ಟರೊಳಗೆ ಇಳಿಸಿಕೊಳ್ಳಿ, ಆಕ್ಷೇಪ ಇದ್ದರೆ ಹೇಳಿ’ ಅಂತ ಸ್ಪಷ್ಟವಾಗಿ ಹಾಕಿ. ಒಬ್ಬರು ಬೇಡ ಅಂದರೂ ಆ ತುಂಡನ್ನು ಸದ್ಯಕ್ಕೆ ಬಿಡಿ. ಚುನಾವಣೆ, ಲೆಕ್ಕ ಒಪ್ಪಿಸುವುದು, ಇತ್ಯರ್ಥವಾಗದ ತಕರಾರು ನಡೆಯುತ್ತಿರುವಾಗ ಈ ಕೆಲಸಕ್ಕೆ ಕೈ ಹಾಕಲೇಬೇಡಿ. ಉದ್ದೇಶ ಎಷ್ಟೇ ಒಳ್ಳೆಯದಿದ್ದರೂ ಮುಚ್ಚಿಹಾಕುತ್ತಿದ್ದಾರೆ ಅಂತಲೇ ಜನ ತಿಳಿಯುತ್ತಾರೆ.

ಅಳಿಸುವಾಗ ದೊಡ್ಡ ವಿಡಿಯೊಗಳಿಂದ ಶುರುಮಾಡಿ, ಆಮೇಲೆ ಫೋಟೊ, ಕೊನೆಗೆ ಬರಹ. ಅರ್ಧಕ್ಕೇ ಜಾಗದ ಸಮಸ್ಯೆ ತೀರಿದರೆ ಅಲ್ಲೇ ನಿಲ್ಲಿಸಬಹುದು. ವಾಟ್ಸಾಪ್‌ನಲ್ಲಿ ಚಾಟ್ ಕ್ಲಿಯರ್ ಮಾಡುವಾಗ ಸ್ಟಾರ್ ಹಾಕಿದ ಮೆಸೇಜ್‌ಗಳನ್ನು ಉಳಿಸುವ ಆಯ್ಕೆ ಇದೆ. ಉಳಿಯಬೇಕಾದವಕ್ಕೆ ಮೊದಲೇ ಸ್ಟಾರ್ ಹಾಕಿಟ್ಟುಕೊಳ್ಳಿ.

ಹೆಜ್ಜೆ 10: ಏನು ಅಳಿಸಿದಿರಿ ಅಂತ ಬರೆದಿಡಿ

ಸಾರಾಂಶದ ಕಡತದ ಕೊನೆಯಲ್ಲಿ ಒಂದು ಪುಟ ಇರಲಿ. ಯಾವ ತಿಂಗಳಿಂದ ಯಾವ ತಿಂಗಳವರೆಗಿನದು, ಯಾವ ಥರದ್ದು, ಯಾರು ಯಾರು ಸೇರಿ ತೀರ್ಮಾನಿಸಿದರು, ಪೂರ್ತಿ ಪ್ರತಿ ಈಗ ಯಾರ ಬಳಿ ಇದೆ. ಮುಂದೆ ಯಾರಾದರೂ ‘ಆ ಚರ್ಚೆ ಎಲ್ಲಿ?’ ಅಂದರೆ, ಹುಡುಕಾಡದೆ ಉತ್ತರ ಕೊಡಬಹುದು. ಪೂರ್ತಿ ಪ್ರತಿಯನ್ನೂ ಎಂದೆಂದಿಗೂ ಇಡಬೇಕಾಗಿಲ್ಲ. ಎರಡು ಮೂರು ವರ್ಷ ಯಾರೂ ಅದನ್ನು ಕೇಳದಿದ್ದರೆ, ಸಾರಾಂಶ ಸರಿಯಾಗಿದೆ ಅಂತ ಇನ್ನೊಬ್ಬರು ಓದಿ ಒಪ್ಪಿದ್ದರೆ, ಆಗ ಅದನ್ನೂ ತೆಗೆಯಬಹುದು. ಅದರ ತಾರೀಖನ್ನೂ ಇದೇ ಪುಟದಲ್ಲಿ ಬರೆಯಿರಿ.